ಅಂಗೈಯಗಲದ ನಾಯಿಗೆ ಎತ್ತಿನ ಗೊಟ್ಟ

ನಮ್ಮ ಮನೆಯ ನಾಯಿಗೆ ದಿನಾ ಬೆಳಿಗ್ಗೆ ಕಣ್ಣು ಒರೆಸಬೇಕು. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಬಟ್ಟಲಲ್ಲಿ ಬೆಚ್ಚನೆಯ ನೀರು, ಮಾವನವರ ಹಳೆಯ ಧೋತರ ಹರಿದು ಮಾಡಿದ ಮೆತ್ತನೆಯ ಅರಿವೆ ಹಿಡಿದುಕೊಂಡು ನಾನು ಹಿತ್ತಲ ಕಟ್ಟೆಯ ಮೇಲೆ ಕೂರುತ್ತೇನೆ. ಅದು ಬರುವುದಿಲ್ಲ. ಕರೆದರೆ ತುಳಸಿಕಟ್ಟೆಯ ಹಿಂದೆ ಹೋಗಿ ನಿಲ್ಲುತ್ತದೆ. ಹಿಡಿದು ತಂದು ತೊಡೆಯ ಮೇಲೆ ಕೂರಿಸಿಕೊಂಡರೆ, ನಾನು ಬಲಗಣ್ಣು ಒರೆಸುವಾಗ ಎಡಕ್ಕೆ, ಎಡಗಣ್ಣು ಒರೆಸುವಾಗ ಬಲಕ್ಕೆ ಮುಖ ತಿರುಗಿಸುತ್ತದೆ. ಒರೆಸದೆ ಬಿಟ್ಟರೆ ಕಣ್ಣೀರು ಕೂದಲಿಗೆ ಹತ್ತಿ ಒಣಗಿ, ಕೆಳಗೆ ಚರ್ಮ ಹುಣ್ಣಾಗುತ್ತದೆ. ಆಮೇಲೆ ಬಾಚಣಿಕೆ. ಹೊಟ್ಟೆಯ ಕೆಳಗಿನ ಕೂದಲಲ್ಲಿ ಉತ್ತರಾಣಿ ಮುಳ್ಳು, ಹತ್ತಿಯ ಎಳೆ, ಒಣಗಿದ ಕೆಸರು, ಹಿಂದಿನ ದಿನ ಯಾರೋ ಹಾಕಿದ ರೊಟ್ಟಿಯ ಚೂರು. ಎಲ್ಲ ಬಿಡಿಸಿ, ಹಣೆಯ ಮೇಲಿನ ಕೂದಲನ್ನು ಒಟ್ಟು ಮಾಡಿ ರಬ್ಬರಿನಲ್ಲಿ ಕಟ್ಟಬೇಕು; ಇಲ್ಲದಿದ್ದರೆ ಕೂದಲು ಕಣ್ಣಿಗೆ ಚುಚ್ಚುತ್ತದೆ. ಅಷ್ಟರಲ್ಲಿ ಒಲೆಯ ಮೇಲಿನ ನೀರು ಬತ್ತಿ, ಪಾತ್ರೆ ಚಟಚಟ ಅನ್ನುತ್ತಿರುತ್ತದೆ.

ಇದನ್ನೆಲ್ಲ ಮಾವನವರು ಬೇವಿನ ಕಡ್ಡಿ ಅಗಿಯುತ್ತ ನೋಡುತ್ತ ನಿಲ್ಲುತ್ತಾರೆ.

"ನನ್ನ ಮಗನ ಮದಿವ್ಯಾಗ ಮದುಮಗಳಿಗೂ ಇಷ್ಟು ಚಂದ ಹೆರಳ ಹಾಕಿರ್ಲಿಲ್ಲ ಬಿಡವಾ" ಅನ್ನುತ್ತಾರೆ.

ಆ ಮದುಮಗಳು ನಾನೇ.

ಈ ನಾಯಿಯನ್ನು ನಾನು ಕೇಳಿದ್ದಲ್ಲ, ಕೊಂಡದ್ದಲ್ಲ. ನನ್ನ ನಾದಿನಿ ಶಿಗ್ಗಾಂವಿಯಲ್ಲಿ ಶಾಲೆಯ ಶಿಕ್ಷಕಿ. ಯಾರೋ ಕೊಟ್ಟರೆಂದು ಮರಿಯಿದ್ದಾಗ ಇಟ್ಟುಕೊಂಡಿದ್ದಳು. ಆಮೇಲೆ ಬೇರೆ ಮನೆಗೆ ಬಾಡಿಗೆಗೆ ಹೋದಳು. ಆ ಮನೆಯ ಮಾಲೀಕರು ನಾಯಿ ಬೇಡವೇ ಬೇಡ ಅಂದರು. ಒಂದು ರವಿವಾರ ಅಕ್ಕಿಆಲೂರಿನ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಅದರ ಬಾಚಣಿಕೆ, ಶಾಂಪೂ, ಹಾಸಿಗೆ, ಚಳಿಗಾಲದ ಅಂಗಿ ತುಂಬಿದ ಚೀಲ.

"ಸ್ವಲ್ಪ ದಿನ ಇಟ್ಕೋರಿ ವೈನಿ. ಬ್ಯಾರೆ ಮನಿ ಸಿಕ್ಕ ಕೂಡ್ಲೆ ಒಯ್ತೇನಿ. ಭಾಳ ಸಣ್ಣ ಜೀವ, ಇದ್ದದ್ದ ಗೊತ್ತಾಗೂದಿಲ್ಲ."

ಗೊತ್ತಾಗದೆ ಇರುವುದು ಹೇಗೆ? ಜಾತಿಯ ಹೆಸರು ಶಿ ತ್ಸು ಅಂದಳು. ಅದಕ್ಕೊಂದು ಇಂಗ್ಲಿಷ್ ಹೆಸರೂ ಇತ್ತು, ನಮ್ಮ ಮನೆಯಲ್ಲಿ ಯಾರ ಬಾಯಿಗೂ ಅದು ಹೊಂದಲಿಲ್ಲ. ನಾನು ಮರಿ ಅಂದೆ. ಅದು ಮುದುಕನಾಗುತ್ತ ಬಂದರೂ ಮರಿಯೇ. ಮಾವನವರು ಮಾತ್ರ ಅದನ್ನು ಸಾವ್ಕಾರ ಅನ್ನುತ್ತಾರೆ. ದುಡಿಯುವುದಿಲ್ಲ, ಕಾಯುವುದಿಲ್ಲ, ಬೊಗಳಿದರೆ ಪಕ್ಕದ ಮನೆಯ ಕೋಳಿಯೂ ತಿರುಗಿ ನೋಡುವುದಿಲ್ಲ. ಹೊತ್ತುಹೊತ್ತಿಗೆ ಉಂಡು ಮೈ ಬಾಚಿಸಿಕೊಂಡು ಮಲಗುವವನನ್ನು ಇನ್ನೇನು ಅನ್ನಬೇಕು ಎಂಬುದು ಅವರ ವಾದ.

ಮಲಗುವುದಾದರೂ ಎಲ್ಲಿ? ನಾದಿನಿ ಕೊಟ್ಟ ಹಾಸಿಗೆಯಲ್ಲಿ ಒಂದು ದಿನವೂ ಮಲಗಲಿಲ್ಲ. ನೆಟ್ಟಗೆ ಗ್ವಾದಲಿಗೆ ಹೋಯಿತು. ಗ್ವಾದಲಿ ಅಂದರೆ ನಮ್ಮ ಕಡೆ ಎತ್ತುಗಳಿಗೆ ಮೇವು ಹಾಕುವ ತೊಟ್ಟಿ. ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಹಂಸಭಾವಿ ಕಡೆಯ ರೈತರೊಬ್ಬರ ಮನೆಗೆ ಹೋದವು. ಅವು ಹೋದ ಮೇಲೆ ಆ ಜಾಗದಲ್ಲಿ ನನ್ನವರ ಬೈಕು ನಿಲ್ಲುತ್ತದೆ, ಗೊಬ್ಬರದ ಚೀಲಗಳು ಬೀಳುತ್ತವೆ. ಗೋಡೆಯ ಗೂಟಕ್ಕೆ ಗೆಜ್ಜೆಸರ, ಹಣೆಪಟ್ಟಿ, ಗೊಟ್ಟ ಇನ್ನೂ ನೇತಾಡುತ್ತಿವೆ. ತೆಗೆದಿಡಲು ಮಾವನವರು ಬಿಟ್ಟಿಲ್ಲ. ಎತ್ತು ಹೋದ ದಿನದಿಂದ ಅವರು ಆ ಕಡೆ ಹೆಚ್ಚು ಹಾಯುತ್ತಿರಲಿಲ್ಲ. ನಾಯಿ ಗ್ವಾದಲಿಯಲ್ಲಿ ಮಲಗಲು ಶುರುಮಾಡಿದ ಮೇಲೆ, "ಸಾವ್ಕಾರ ಎದ್ದಾನೋ ಇಲ್ಲೋ ನೋಡ್ತೇನಿ" ಅಂತ ಬೆಳಿಗ್ಗೆ ಒಮ್ಮೆ ಹೋಗಿ ಬರತೊಡಗಿದರು. ಹೋಗುವಾಗ ಕೈ ಖಾಲಿ ಇರುತ್ತಿರಲಿಲ್ಲ.

ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ನಮ್ಮ ಕಡೆ ಒಂದು ಜೀವ ಎದುರಿಗೆ ಬಂದು ಕೂತರೆ ಏನೂ ಕೊಡದೆ ಉಣ್ಣಲು ಯಾರಿಗೂ ಬರುವುದಿಲ್ಲ. ಮಾವನವರು ರೊಟ್ಟಿಗೆ ಬೆಣ್ಣೆ ಹಚ್ಚಿ ಅರ್ಧ ಅದಕ್ಕೆ. ನನ್ನವರು ಮಿರ್ಚಿಭಜಿ ತಂದರೆ ಮೇಲಿನ ಹಿಟ್ಟು ಅದಕ್ಕೆ. ಗೋಡೆಯಾಚೆ ಬಳೆ ಅಂಗಡಿಯವಳ ಮನೆ. ಅವಳ ತವರು ಸವಣೂರು. ತವರಿಗೆ ಹೋಗಿ ಬಂದಾಗಲೆಲ್ಲ ನಮಗೊಂದು ಪೊಟ್ಟಣ ಸವಣೂರಿನ ಖಾರ, ಅಲ್ಲಿಯ ಹೆಸರುವಾಸಿ ಕುರುಕಲು ತಿಂಡಿ, ತರುತ್ತಾಳೆ. ಅವಳು ನಾಯಿಯನ್ನು ಮುಟ್ಟುವುದಿಲ್ಲ, ನಮಾಜಿನ ಬಟ್ಟೆಗೆ ಅದರ ಬಾಯಿ ತಾಗಬಾರದು. ಆದರೆ ಗೋಡೆಯ ಮೇಲಿಂದ ಬಿಸ್ಕಿಟ್ ಎಸೆಯಲು ಮುಟ್ಟಬೇಕಾಗಿಲ್ಲವಲ್ಲ. ಅವಳ ಗುರಿ ಎಷ್ಟು ಚೊಕ್ಕವೆಂದರೆ ಬಿಸ್ಕಿಟ್ ನೇರ ಅದರ ಬಾಯಿಗೆ ಬೀಳುತ್ತದೆ.

ಹೀಗೆ ಉಂಡ ನಾಯಿ ಒಂದು ಬೇಸಿಗೆಯಲ್ಲಿ ವಾಂತಿ ಮಾಡತೊಡಗಿತು. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲು ಚಾಚಿ, ಹಿಂಭಾಗ ಮೇಲೆತ್ತಿ ನಿಂತಿತು, ಮಲಗಲೂ ಒಲ್ಲದು. ಬುಟ್ಟಿಯಲ್ಲಿ ಹಾಕಿಕೊಂಡು ಹಾನಗಲ್ಲಿನ ದನದ ದವಾಖಾನೆಗೆ ಹೋದೆ. ಎಮ್ಮೆ, ಆಡು, ಕಾಲು ಕುಂಟುವ ಹೋರಿ, ನಡುವೆ ನಾನು. ಎಮ್ಮೆ ಹಿಡಿದಿದ್ದ ಒಬ್ಬರು ಬಹಳ ಹೊತ್ತು ಬುಟ್ಟಿಯನ್ನೇ ನೋಡಿದರು.

"ಅಕ್ಕಾರ, ಇದು ಕುರಿಮರಿನೋ, ನಾಯಿಮರಿನೋ?"

"ನಾಯಿರಿ."

"ಕಂಬಳಿ ಆಕ್ಕೈತೇನ್ರಿ ಇದರ ಕೂದ್ಲದಾಗ?"

"ಟೋಪಿಗೂ ಸಾಲೂದಿಲ್ರಿ" ಅಂದೆ. ಸುತ್ತಲಿನವರೆಲ್ಲ ನಕ್ಕರು. ಮರಿ ಬುಟ್ಟಿಯೊಳಗೆ ಇನ್ನೊಮ್ಮೆ ವಾಂತಿ ಮಾಡಿಕೊಂಡಿತು.

ಡಾಕ್ಟರು ಹೆಂಗಸು, ನನ್ನ ತಂಗಿಯ ವಯಸ್ಸು. ಹೊಟ್ಟೆ ಒತ್ತಿ ನೋಡಿ ಕೇಳಿದರು: "ಮನ್ಯಾಗ ಎಷ್ಟು ಮಂದಿ ಇದಕ್ಕ ತಿನ್ನಾಕ ಹಾಕ್ತೀರಿ?"

"ನಾ ಒಬ್ಬಾಕಿನರಿ" ಅಂದೆ. ಅವರು ನನ್ನ ಮುಖ ನೋಡಿದರು. "ಅಂದ್ರ, ಊಟಕ್ಕ ಹಾಕಾಕಿ ನಾ ಒಬ್ಬಾಕಿ. ನಡುವ ಎಲ್ಲಾರೂ..."

"ನೋಡ್ರಿ, ಹೊಟ್ಟಿಯೊಳಗ ಜಿಡ್ಡು ಅರಗಿಸೋ ಅಂಗ ಇರ್ತೈತಿ. ಅದಕ್ಕ ಬಾವು ಬಂದೈತಿ. ಎಣ್ಣಿ, ಬೆಣ್ಣಿ, ತುಪ್ಪ, ಕರಿದದ್ದು, ಸಿಹಿ ಯಾವುದೂ ಬ್ಯಾಡ. ಈ ಸಲ ತಡಕೊಂತು. ಮತ್ತೊಮ್ಮೆ ಹಿಂಗಾದ್ರ ಉಳೀತೈತಿ ಅಂತ ನಾ ಹೇಳಾಕ ಬರೂದಿಲ್ಲ."

ಆವತ್ತಿನಿಂದ ನಾನು ನಮ್ಮ ಮನೆಯಲ್ಲಿ ಪೊಲೀಸ್ ಆದೆ. ಮರಿಗೆ ಮೆತ್ತಗೆ ಬೇಯಿಸಿದ ಅನ್ನ, ಕುಂಬಳಕಾಯಿ, ಗಜ್ಜರಿ, ಬೆಣ್ಣೆ ತೆಗೆದ ಮಜ್ಜಿಗೆ. ನನ್ನವರಿಗೆ ಹೇಳಿದೆ, "ಆತು ಬಿಡು" ಅಂದರು. ಮರುದಿನವೇ ತಾಟಿನ ಕೆಳಗೆ ಕೈ ಹೋಗುವುದನ್ನು ಕಂಡೆ.

"ಒಂದ ತುತ್ತು. ಹಂಗ ನೋಡಾಕತ್ತಿತ್ತು."

"ನೋಡ್ಲಿರಿ! ನೋಡಿದ್ರ ಏನೂ ಆಗೂದಿಲ್ಲ. ತಿಂದ್ರ ಸಾಯ್ತೈತಿ."

"ನೀ ಭಾಳ ಕಠೋರ ಅದಿ" ಅಂದರು. ಮನೆಯಲ್ಲಿ ಅದರ ಹೇಲು ಬಳಿಯುವವಳು ನಾನು, ವಾಂತಿ ಒರೆಸುವವಳು ನಾನು, ಕಠೋರಳೂ ನಾನೇ.

ಗೋಡೆಯಾಚೆಯವಳಿಗೆ ಹೇಳಿದರೆ ಅವಳು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಬೇಚಾರಾ! ಬಿಸ್ಕೀಟೂ ಬ್ಯಾಡೇನಕ್ಕಾ? ಅದರಾಗ ಏನ್ ಐತಿ, ಗಾಳಿ ಐತಿ."

"ಗಾಳಿನೂ ಬ್ಯಾಡವಾ ತಾಯಿ."

ಅವಳು ನಿಲ್ಲಿಸಿದಳು. ಆದರೆ ಗೋಡೆಯ ಮೇಲೆ ಅವಳ ಮುಖ ಕಂಡ ಕೂಡಲೆ ನಾಯಿ ಬಾಯಿ ತೆರೆದು ನಿಲ್ಲುವುದನ್ನು ನಿಲ್ಲಿಸಲಿಲ್ಲ. ಅವಳು ಪಾಪ, ಬಟ್ಟೆ ಒಣಗಿಸಲು ಬಂದರೂ ಮುಖ ಮರೆಸಿಕೊಂಡು ಬರಬೇಕಾಯಿತು.

ಇನ್ನು ಮಾವನವರು. ಅವರಿಗೆ ಒಂದೊಂದನ್ನೂ ಬಿಡಿಸಿ ಹೇಳಿದೆ. ಬೆಣ್ಣೆ ಇಲ್ಲ, ತುಪ್ಪ ಇಲ್ಲ, ಕರಿದದ್ದಿಲ್ಲ, ಸಿಹಿ ಇಲ್ಲ, ಸವಣೂರಿನ ಖಾರ ಇಲ್ಲ. ತಲೆ ಅಲ್ಲಾಡಿಸಿ ಕೇಳಿದರು. ನಿಜ ಹೇಳಬೇಕೆಂದರೆ, ಮಾತು ಕೊಟ್ಟ ಮೇಲೆ ಮಾತಿನಂತೆ ನಡೆದವರು ಅವರೊಬ್ಬರೇ. ಉಣ್ಣುವಾಗ ಮರಿ ಎದುರು ಬಂದು ಕೂತರೆ ತಾವೇ ಗೋಡೆಯ ಕಡೆ ತಿರುಗಿ ಕೂತು ಉಣ್ಣುತ್ತಿದ್ದರು. ಆದರೆ ಗ್ವಾದಲಿಗೆ ಹೋಗಿ ಬಂದಾಗಲೆಲ್ಲ ಒಂದೇ ಗೊಣಗಾಟ.

"ಸೊರಗಾಕತ್ತಾನ ಸಾವ್ಕಾರ. ಕುಂಬಳಕಾಯಿ ತಿಂದು ಯಾ ಜೀವ ಬಾಳ್ವೆ ಮಾಡೀತವಾ? ಮಳಿಗಾಲ ಬಂತು. ಮೈಯಾಗ ಕಸುವು ಬ್ಯಾಡೇನು?"

"ಸೊರಗಿಲ್ರಿ ಮಾವಾರ. ಬೊಜ್ಜು ಕರಗೈತಿ. ಡಾಕ್ಟ್ರೇ ಛಲೋ ಆತು ಅಂದಾರ."

"ಅವರು ಅಂತಾರ. ದನ ಕಟ್ಟಿದಾವ್ರು ನಾವು, ನಮಗ ಮೈ ನೋಡಿದ್ರ ತಿಳೀತೈತಿ."

ನಾನು ಒಲೆಯ ಕಡೆ ತಿರುಗುತ್ತಿದ್ದೆ. ಮಾತಿಗೆ ಮಾತು ಬೆಳೆಸಿದರೆ ಅನ್ನ ತಳ ಹತ್ತುತ್ತದೆ.

ಕಾರಹುಣ್ಣಿಮೆ ಬಂತು. ಮುಂಗಾರಿನ ಕೆಲಸಕ್ಕೆ ಮೊದಲು ಎತ್ತುಗಳ ಮೈ ತೊಳೆದು, ಕೊಂಬಿಗೆ ಹುರಮಂಜಿನ ಕೆಂಪು ಬಣ್ಣ ಹಚ್ಚಿ, ಕೋಡುಬಳೆ ಏರಿಸಿ, ಗೊಟ್ಟ ಹಾಕುವ ಹಬ್ಬ. ಗೊಟ್ಟ ಅಂದರೆ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಅದರಲ್ಲಿ ಶೇಂಗಾ ಎಣ್ಣೆ, ಬೆಲ್ಲ, ಅರಿಶಿನ, ಕೋಳಿಯ ತತ್ತಿ ಕಲಸಿ ಎತ್ತಿನ ಬಾಯಿ ಎತ್ತಿ ಸುರಿಯುತ್ತಾರೆ. ಸಸ್ಯಾಹಾರಿಗಳಾದ ನಮ್ಮ ಮನೆಯ ಅಂಗಳಕ್ಕೆ ತತ್ತಿ ಬರುತ್ತಿದ್ದ ದಿನ ವರ್ಷದಲ್ಲಿ ಅದೊಂದೇ. ಎತ್ತು ಹೋದ ಮೇಲೆ ಅದೂ ನಿಂತಿತ್ತು. ನಾನು ಹೋಳಿಗೆ ಮಾಡುತ್ತೇನೆ, ಮಣ್ಣೆತ್ತಿಗೆ ಪೂಜೆ ಮಾಡುತ್ತೇವೆ, ಹಬ್ಬ ಮುಗಿಯಿತು.

ಆ ಸಲ ಹೋಳಿಗೆ ಲಟ್ಟಿಸುತ್ತಿದ್ದಾಗ ಹಿತ್ತಲಿನಿಂದ ಗೆಜ್ಜೆಯ ಸದ್ದು ಕೇಳಿತು. ಎತ್ತಿಲ್ಲದ ಮನೆಯಲ್ಲಿ ಗೆಜ್ಜೆ! ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ಮರಿ ಹಿತ್ತಲ ಕಟ್ಟೆಯ ಮೇಲೆ ಒದ್ದೆಯಾಗಿ ನಿಂತಿತ್ತು. ಕೊರಳಲ್ಲಿ ಗೆಜ್ಜೆಸರ, ಎತ್ತಿನದು, ಎರಡು ಸುತ್ತು ಹಾಕಿದರೂ ನೆಲಕ್ಕೆ ತಾಗುತ್ತಿತ್ತು. ಕೊಂಬಿಲ್ಲದ್ದಕ್ಕೆ ಕಿವಿಗಳಿಗೆ ಕೆಂಪು ಹುರಮಂಜು ಬಳಿದಿತ್ತು. ನಾನು ಬೆಳಿಗ್ಗೆ ಕಟ್ಟಿದ್ದ ಜುಟ್ಟಿಗೆ ಒಂದು ಕೋಡುಬಳೆ ಸಿಕ್ಕಿಸಿತ್ತು. ಅದರ ಮೂತಿಯ ಸುತ್ತಲಿನ ಬಿಳಿ ಕೂದಲೆಲ್ಲ ಹಳದಿ. ಮಾವನವರ ಕೈಯಲ್ಲಿ, ನಾನು ಮರಿಗೆ ಔಷಧ ಹಾಕಲು ಇಟ್ಟುಕೊಂಡಿದ್ದ ಸೂಜಿಯಿಲ್ಲದ ಸಿರಿಂಜು. ಪಕ್ಕದಲ್ಲಿ ಖಾಲಿ ಬಟ್ಟಲು.

"ಏನ್ ಮಾಡಿದ್ರಿ ಮಾವಾರ?"

"ಗೊಟ್ಟ ಹಾಕಿದೆ." ಮುಖದ ತುಂಬ ಸಂತೋಷ. "ಬಿದಿರಿಂದು ಇದರ ಬಾಯಿಗಿಂತ ದೊಡ್ಡದಾತು. ಅದಕ್ಕ ನಿಂದು ತಗೊಂಡೆ."

"ಎಣ್ಣಿ ಬ್ಯಾಡ ಅಂತ ಎಷ್ಟು ಸಲ ಹೇಳೇನ್ರಿ ನಾ! ಎಣ್ಣಿ, ಬೆಲ್ಲ..."

"ತಿನ್ನಾಕ ಬ್ಯಾಡ ಅಂದಿ, ಹೌದಲ್ಲೋ? ತಿನ್ನಾಕ ನಾ ಒಂದು ಚೂರೂ ಕೊಟ್ಟಿಲ್ಲ. ಬೇಕಾದ್ರ ಕೇಳು. ಇದು ತಿನ್ನೂದಲ್ಲವಾ, ಇದು ಔಷಧ."

ಬೆಣ್ಣೆ, ತುಪ್ಪ, ಕರಿದದ್ದು, ಸಿಹಿ, ಖಾರ ಎಲ್ಲವನ್ನೂ ಹೆಸರು ಹಿಡಿದು ಬೇಡವೆಂದಿದ್ದೆ. ಗೊಟ್ಟ ಬೇಡ ಅಂತ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಬಡಕಲಾದ ಎತ್ತಿಗೆ ಕಸುವು ಬರಲಿ ಎಂದು ಜೀವಮಾನವಿಡೀ ಗೊಟ್ಟ ಹಾಕಿದವರಿಗೆ ಅದು ಊಟದ ಲೆಕ್ಕದಲ್ಲೇ ಇಲ್ಲ. ಸೊರಗಿದೆ ಎಂದು ಗೊಣಗುತ್ತಿದ್ದವರು ಅಷ್ಟು ದಿನ ಕಾದಿದ್ದು ಹುಣ್ಣಿಮೆಗೆ.

"ಹುಣ್ಣಿವಿ ದಿನ ಗ್ವಾದ್ಲ್ಯಾಗಿನ ಜೀವ ಹಂಗ ಬಿಡಾಕ ಬರ್ತೈತೇನು?" ಅಂದರು, ನನ್ನ ಮುಖ ನೋಡಿ ದನಿ ತಗ್ಗಿಸಿ.

ಹೋಳಿಗೆಗೆ ಇನ್ನೂ ಯಾರೂ ಕೂತಿರಲಿಲ್ಲ, ಮರಿ ವಾಂತಿ ಮಾಡಿತು. ಮತ್ತೆ ಮಾಡಿತು. ಮೊದಲು ಹಳದಿ, ಆಮೇಲೆ ಬರೀ ನೊರೆ. ಅದೇ ಬಿಲ್ಲಿನಂಥ ಬೆನ್ನು. ನಾನು ಸೀರೆ ಬದಲಿಸದೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡೆ. ನನ್ನವರು ಹೊಲದ ಕಡೆ ಹೋಗಿದ್ದರು. ರಸ್ತೆಗೆ ಬಂದು ಟಂಟಂ ರಿಕ್ಷಾ ನಿಲ್ಲಿಸಿ ಹತ್ತಿದರೆ, ಹಿಂದೆಯೇ ಮಾವನವರೂ ಹತ್ತಿ ಕೂತರು. ಹಬ್ಬದ ಮಡಿ ಧೋತರ, ಬೆರಳುಗಳಲ್ಲಿ ಇನ್ನೂ ಹುರಮಂಜು.

"ನೀವ್ಯಾಕ್ರಿ ಮಾವಾರ? ಉಂಡಿಲ್ಲ ಏನಿಲ್ಲ."

"ನಡಿ" ಅಂದರು. ಹಾನಗಲ್ಲು ಬರುವವರೆಗೆ ಟಂಟಂ ತಗ್ಗಿನಲ್ಲಿ ಎತ್ತಿ ಹಾಕಿದಾಗೊಮ್ಮೆ ಟವೆಲಿನ ಕೆಳಗೆ ಅಂಗೈ ಇಡುತ್ತಿದ್ದರು. ಸಿಟ್ಟಿನಲ್ಲಿ ನಾನು ಟವೆಲು ಈ ಕಡೆ ಎಳೆದುಕೊಳ್ಳುತ್ತಿದ್ದೆ.

ಹಬ್ಬವಾದರೂ ಡಾಕ್ಟರು ಇದ್ದರು. ಕೆಂಪು ಕಿವಿ, ಜುಟ್ಟಿನ ಕೋಡುಬಳೆ ನೋಡಿ ಅವರ ತುಟಿ ನಗಲು ಹೋಗಿ ನಿಂತಿತು. ಕೋಡುಬಳೆ ತೆಗೆಯಲು ನನಗೆ ನೆನಪೇ ಆಗಿರಲಿಲ್ಲ.

"ಏನ್ ತಿಂತು?"

ಮಾವನವರೇ ಮುಂದೆ ಬಂದರು. "ತಿಂದಿಲ್ರಿ. ನಾ ಗೊಟ್ಟ ಹಾಕೇನಿ."

"ಏನೇನಿತ್ರಿ ಅದರಾಗ?"

"ಶೇಂಗಾ ಎಣ್ಣಿ, ಬೆಲ್ಲ, ಅರಿಷಿಣ, ಒಂದು ತತ್ತಿ. ಎತ್ತಿಗೆ ಹಾಕೂದ. ಇದಕ್ಕ ಸ್ವಲ್ಪ ಹಾಕೇನ್ರಿ, ಒಂದು ಸಣ್ಣ ಬಟ್ಟಲ."

"ಅಜ್ಜಾರ, ಅದರ ಹೊಟ್ಟಿನ ಒಂದು ಸಣ್ಣ ಬಟ್ಟಲ ಐತ್ರಿ" ಅಂದರು ಡಾಕ್ಟರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಸಲಾಯಿನ್ ಹಾಕಲು ನರ ಸಿಗಬೇಕಲ್ಲ. ಮುಂಗಾಲಿನ ಕೂದಲನ್ನು ಮಷಿನ್ ಹಿಡಿದು ಬೋಳಿಸಿದರು. ಅಷ್ಟು ದಿನ ಬಾಚಿದ ನಾನೂ ಆ ಕಾಲನ್ನು ಹಾಗೆ ಕಂಡಿರಲಿಲ್ಲ. ನೊರೆಯಂಥ ಕೂದಲು ಮೇಜಿನ ಮೇಲೆ ಬಿದ್ದ ಮೇಲೆ ಉಳಿದದ್ದು ತೆಳ್ಳನೆಯ, ಗುಲಾಬಿ ಬಣ್ಣದ, ನಡುಗುವ ಒಂದು ಕಡ್ಡಿ.

ಮಾವನವರು ಬಗ್ಗಿ ನೋಡಿದರು. "ಇಷ್ಟ ಐತೇನು ಇದು?" ಅಂದರು. ಯಾರನ್ನು ಕೇಳಿದರೋ.

ಕಾಲು ಅಲ್ಲಾಡದಂತೆ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಅವರೇ ಹಿಡಿದರು. ನೇಗಿಲ ಮೇಣಿ ಹಿಡಿದು ದಡ್ಡುಗಟ್ಟಿದ ಬೆರಳುಗಳು. ಎರಡೇ ಬೆರಳಲ್ಲಿ, ಹೂವಿನ ದಂಟು ಹಿಡಿದ ಹಾಗೆ. ಬಾಟಲಿ ಇಳಿಯುವವರೆಗೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಉಳಿಯುತ್ತದೋ ಇಲ್ಲವೋ ನಾಳೆ ಹೇಳುತ್ತೇನೆ ಎಂದು ಡಾಕ್ಟರು ಅಂದಾಗ ಹೂಂ ಅಂದರು, ಅಷ್ಟೇ. ಮನೆಗೆ ಬಂದು ನಾನು ಹೋಳಿಗೆ ಬಡಿಸಿದೆ. "ಒಲ್ಲೆವಾ" ಅಂದು ಗ್ವಾದಲಿಯ ಹತ್ತಿರ ಚಾಪೆ ಹಾಸಿಕೊಂಡರು. ಅಷ್ಟೆಲ್ಲ ಮಾಡಿದ ಹೋಳಿಗೆ ಗೋಡೆಯಾಚೆಗೆ ಹೋಯಿತು.

ಮರುದಿನ ಅದು ನೀರು ನೆಕ್ಕಿತು. ಅದರ ಮರುದಿನ ಬಾಲ ಅಲ್ಲಾಡಿಸಿತು. ದವಾಖಾನೆಗೆ ದಿನಾ ಒಯ್ಯಬೇಕಾಗಿತ್ತು. ನನಗೆ ಬುಟ್ಟಿ ಮುಟ್ಟಲೂ ಬಿಡದೆ ಮಾವನವರೇ ಟಂಟಂ ಹತ್ತಿದರು. ವಾರ ಕಳೆಯುವುದರೊಳಗೆ ಹಾನಗಲ್ಲಿನ ಎಮ್ಮೆಯವರು, ಆಡಿನವರು ಎಲ್ಲರಿಗೂ ಅವರ ಪರಿಚಯವಾಗಿತ್ತು. "ಸಾವ್ಕಾರ ಹೆಂಗದಾರ್ರಿ?" ಎಂದು ಸಂತೆಯಲ್ಲಿ ಕಂಡವರು ಕೇಳುತ್ತಿದ್ದರು.

ಮರಿ ಉಳಿಯಿತು. ನನ್ನ ಕಷ್ಟ ಮುಗಿಯಿತು ಎಂದುಕೊಂಡಿರಾ? ಇಲ್ಲ. ಪೊಲೀಸ್ ಕೆಲಸ ನನ್ನ ಕೈಯಿಂದ ಹೋಗಿ ಮಾವನವರ ಕೈಗೆ ಸೇರಿತು, ಮತ್ತು ಮೊದಲ ಗುಮಾನಿ ನನ್ನ ಮೇಲೆಯೇ. ಅನ್ನದ ಬಟ್ಟಲನ್ನು ಮೂಸಿ ನೋಡುತ್ತಾರೆ. "ಒಗ್ಗರಣಿ ಸೌಟ ಇದರಾಗ ಆಡಿಸಿ ಏನು?" ಕುಂಬಳಕಾಯಿ ಬೇಯಿಸುವ ಪಾತ್ರೆ ಬೇರೆಯೇ ಆಗಬೇಕು. ಅವರ ಮಗ ಊಟಕ್ಕೆ ಕೂತರೆ ಎದುರಿಗೆ ಬಾರಕೋಲು ಹಿಡಿದು ಕೂರುತ್ತಾರೆ. "ಕೈ ಮ್ಯಾಲ ಇರ್ಲಿ" ಅನ್ನುತ್ತಾರೆ. ಐವತ್ತು ದಾಟಿದ ಮನುಷ್ಯ ತನ್ನ ಮನೆಯಲ್ಲಿ ಕೈ ಮೇಲಿಟ್ಟುಕೊಂಡು ಉಣ್ಣುತ್ತಾನೆ. ಗೋಡೆಯಾಚೆಯವಳು ಬಟ್ಟೆ ಒಣಗಿಸಲು ಬಂದರೂ "ಕೈಯಾಗ ಏನೈತವಾ ತಂಗಿ?" ಎಂಬ ವಿಚಾರಣೆ.

"ಚಿಮಟಿ ಐತ್ರಿ ಚಾಚಾ, ಬಟ್ಟಿಗೆ ಹಾಕಾಕ. ಇದನ್ನೂ ತಿಂತೈತೇನ್ರಿ ನಿಮ್ಮ ಸಾವ್ಕಾರ?"

ನಾದಿನಿಗೆ ಬೇರೆ ಮನೆ ಸಿಕ್ಕಿತು. ಒಯ್ಯಲು ಬಂದವಳನ್ನು ಮಾವನವರು ಪಡಸಾಲೆಯಲ್ಲಿ ಕೂರಿಸಿ ಅದರ ಊಟದ ಕ್ರಮ ಹೇಳತೊಡಗಿದರು. ಅವಳು ಎರಡು ಸಲ ಗಡಿಯಾರ ನೋಡಿದಳು. ಬಸ್ಸಿನ ಹೊತ್ತಾದರೂ ಅವರು ಕುಂಬಳಕಾಯಿಯ ಸಿಪ್ಪೆಯಿಂದ ಮುಂದೆ ಹೋಗಿರಲಿಲ್ಲ. "ಇಲ್ಲೇ ಇರ್ಲಿ ಬಿಡಪ್ಪಾ, ಸ್ವಲ್ಪ ದಿನ" ಅಂದು ಖಾಲಿ ಬುಟ್ಟಿ ಹಿಡಿದು ಹೋದಳು. ನನ್ನನ್ನು ಯಾರೂ ಕೇಳಲಿಲ್ಲ.

ಈ ಸಲದ ಕಾರಹುಣ್ಣಿಮೆಗೂ ಗೆಜ್ಜೆಸರ ಕೆಳಗಿಳಿಯಿತು. ನಾನು ಹೋಳಿಗೆ ಹಂಚಿನ ಮೇಲೆ ಹಾಕಿದ್ದೆ. ಮಾವನವರು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಬಟ್ಟಲು.

"ಅದರಾಗ ಏನೈತ್ರಿ ಮಾವಾರ?"

"ಏನಿಲ್ಲ, ಅದನ್ನ ಕೇಳಾಕ ಬಂದೇನಿ. ಅಕ್ಕಿ ಗಂಜಿ ತಿಳಿ ಒಂದೀಟು ಬಸದು ಕೊಡು. ಉಪ್ಪು ಬ್ಯಾಡ. ಗೊಟ್ಟ ಹಾಕದ ಹುಣ್ಣಿವಿ ಆಗೂದಿಲ್ಲ. ಡಾಕ್ಟ್ರಿಗೆ ಫೋನ್ ಮಾಡಿ ಕೇಳೇನಿ, ನಡೀತೈತಿ ಅಂದಾರ."

ಬಸಿದು ಕೊಟ್ಟೆ. ಕಿರುಬೆರಳು ಅದ್ದಿ ನೋಡಿ ತಿರುಗಿ ಕೊಟ್ಟರು.

"ಸುಡಾಕತ್ತೈತಿ. ಆರಿಸಿ ಕೊಡು."

ನಾನು ಹೊಸ್ತಿಲ ಮೇಲೆ ಕೂತು ನಾಯಿಯ ಗಂಜಿಗೆ ಬೀಸಣಿಕೆ ಹಾಕಿದೆ. ಹಿತ್ತಲಲ್ಲಿ ಕೆಂಪು ಕಿವಿಯ ಸಾವ್ಕಾರ ಗೆಜ್ಜೆ ಅಲ್ಲಾಡಿಸುತ್ತ ನಿಂತಿದ್ದ. ನನ್ನ ಬೆನ್ನ ಹಿಂದೆ ಹಂಚಿನ ಮೇಲಿನ ಹೋಳಿಗೆ ಕರಕಲಾದ ವಾಸನೆ ಬಂತು.

"ಯವ್ವಾ, ಏನೋ ಹೊತ್ತಾಕತ್ತೈತಿ ನೋಡು" ಅಂದರು ಮಾವನವರು, ಬಟ್ಟಲಿನಿಂದ ಕಣ್ಣು ತೆಗೆಯದೆ.